ಬೈಕ್ ನನ್ನದು, ಸದ್ದು ಯಾರದು?



ಸ್ವಂತ ದುಡಿಮೆಯ ಹಣದಿಂದ ಕೊಂಡ ವಸ್ತುವನ್ನು ನನಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುವ ಹಕ್ಕು ನನಗಿದೆಯೇ? ನಮ್ಮಲ್ಲಿ ಹೆಚ್ಚಿನವರು ಯೋಚಿಸದೆ ‘ಇದೆ’ ಎನ್ನುತ್ತೇವೆ. ಮನೆಗೆ ಇಷ್ಟದ ಬಣ್ಣ ಬಳಿಸುತ್ತೇವೆ, ಅಂಗಿಯ ತೋಳು ಗಿಡ್ಡ ಮಾಡಿಸುತ್ತೇವೆ, ಯಾರೂ ಏನೂ ಕೇಳುವುದಿಲ್ಲ. ಹಾಗಿರುವಾಗ ಬೈಕಿನ ಸೈಲೆನ್ಸರ್ ಬದಲಾಯಿಸುವ ಮಾತು ಬಂದರೆ ಮಾತ್ರ ವಾಳೆಯ ಸಭೆಯಲ್ಲಿ ಗಲಾಟೆ ಏಕೆ?

ಗಲಾಟೆ ಆದದ್ದು ನಿಜ. ಕಳೆದ ಒಂದು ವರ್ಷದಲ್ಲಿ ನಮ್ಮ ಚರ್ಚಿನ ಮೂವರು ಹುಡುಗರು ಗುಡ್ಡ ಹತ್ತುವ ಡರ್ಟ್ ಬೈಕ್ ಕೊಂಡಿದ್ದಾರೆ. ಅವರಲ್ಲಿ ಒಬ್ಬ ನನ್ನ ತಮ್ಮ. ‘ಚರ್ಚಿನ ಮಕ್ಕಳು ಹೀಗೆ ಪದವಿನಲ್ಲಿ ಧೂಳೆಬ್ಬಿಸಿ ಓಡಾಡುವುದು ಸರಿಯಲ್ಲ, ನಿಲ್ಲಿಸಬೇಕು’ ಎಂದರು ಹಿರಿಯರು. ‘ನಮ್ಮ ದುಡ್ಡು, ನಮ್ಮ ಬೈಕ್’ ಎಂದರು ಹುಡುಗರು. ಈ ಎರಡು ಮಾತುಗಳ ನಡುವೆ ನಿಜವಾದ ಪ್ರಶ್ನೆ ಕಳೆದುಹೋಯಿತು ಎಂದು ನನಗೆ ಅನ್ನಿಸಿತು. ಐಸಿವೈಎಂ ಸಂಯೋಜಕಿಯಾಗಿ ಎರಡೂ ಕಡೆಯವರ ಜೊತೆ ಕುಳಿತು ಮಾತಾಡಬೇಕಾದವಳು ನಾನು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳಾದ್ದರಿಂದ ಮೊದಲು ಬೈಕನ್ನೇ ಸ್ವಲ್ಪ ಬಿಚ್ಚಿ ನೋಡೋಣ ಎನ್ನುತ್ತೇನೆ.

ಡರ್ಟ್ ಬೈಕ್ ಎಂದರೆ ರಸ್ತೆ ಇಲ್ಲದಲ್ಲಿ ಓಡುವುದಕ್ಕಾಗಿ ಮಾಡಿದ ಬೈಕ್. ತಮ್ಮನದು ಹೀರೋ ಎಕ್ಸ್‌ಪಲ್ಸ್ 200 4ವಿ. ಎಂಜಿನ್ 199.6 ಸಿಸಿ. ಮುಂದಿನ ಚಕ್ರ 21 ಇಂಚು, ಹಿಂದಿನದು 18 ಇಂಚು. ಚಕ್ರ ದೊಡ್ಡದಾದಷ್ಟು ಅದು ಕಲ್ಲಿಗೆ ಢಿಕ್ಕಿ ಹೊಡೆಯದೆ ಕಲ್ಲಿನ ಮೇಲೆ ಉರುಳಿ ಹೋಗುತ್ತದೆ. ಮುಂದಿನ ಶಾಕ್ 190 ಮಿಲಿಮೀಟರ್, ಹಿಂದಿನದು 170 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಪೇಟೆಯ ಬೈಕುಗಳಲ್ಲಿ ಇಷ್ಟು ಇರುವುದಿಲ್ಲ. ಇದು ಪೂರ್ತಿ ರೇಸಿನ ಯಂತ್ರವಲ್ಲ. ನಂಬರ್ ಪ್ಲೇಟ್ ಇರುವ, ಹಾಲಿನ ಸೊಸೈಟಿಗೂ ಗುಡ್ಡಕ್ಕೂ ಹೋಗಬಲ್ಲ ಬೈಕ್.

ಹೊಸ ಬೈಕ್ ಬಂದ ಕೂಡಲೇ ಪೂರ್ತಿ ಆಕ್ಸಿಲರೇಟರ್ ತಿರುಗಿಸುವ ಹಾಗಿಲ್ಲ. ಸಿಲಿಂಡರಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಪಿಸ್ಟನ್ನಿನ ರಿಂಗುಗಳು ಆ ಗೀರುಗಳ ಮೊನೆಗಳನ್ನು ಸವೆಸಿ ಗೋಡೆಗೆ ಸರಿಯಾಗಿ ಕೂರಬೇಕು. ಈ ಅವಧಿಗೆ ರನ್ನಿಂಗ್-ಇನ್ ಎನ್ನುತ್ತಾರೆ. ಮೊದಲ ಸರ್ವೀಸಿನಲ್ಲಿ ಆಯಿಲ್ ತೆಗೆದಾಗ ಅದರಲ್ಲಿ ಹೊಳೆಯುವ ಲೋಹದ ಪುಡಿ ಕಾಣಿಸುವುದು ಇದಕ್ಕೇ. ಆತುರ ಮಾಡಿದರೆ ರಿಂಗುಗಳು ಸರಿಯಾಗಿ ಕೂರುವುದಿಲ್ಲ, ಮುಂದೆ ಎಂಜಿನ್ ಆಯಿಲ್ ತಿನ್ನುತ್ತದೆ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಗುಡ್ಡದ ಬುಡದಲ್ಲಿದ್ದರೂ ವಾರಗಟ್ಟಲೆ ಅರ್ಧ ಆಕ್ಸಿಲರೇಟರಿನಲ್ಲೇ ಓಡಿಸಿದ್ದನ್ನು ನಾನು ನೋಡಿದ್ದೇನೆ. ಇವರಿಗೆ ತಾಳ್ಮೆ ಇಲ್ಲ ಎನ್ನುವ ಹಿರಿಯರು ಇದನ್ನೂ ನೋಡಬೇಕಿತ್ತು.

ರನ್ನಿಂಗ್-ಇನ್ ಮುಗಿದ ಮೇಲೆ ಟ್ಯೂನಿಂಗ್. ಕಾರ್ಖಾನೆಯಿಂದ ಬರುವ ಬೈಕ್ ಯಾರೋ ಒಬ್ಬ ಸರಾಸರಿ ಸವಾರನಿಗೆ ಹೊಂದಿಸಿದ್ದು. ಐವತ್ತೈದು ಕಿಲೋ ಇರುವವನಿಗೂ ತೊಂಬತ್ತು ಕಿಲೋ ಇರುವವನಿಗೂ ಒಂದೇ ಸ್ಪ್ರಿಂಗ್. ಆದ್ದರಿಂದ ಸವಾರ ಕುಳಿತಾಗ ಹಿಂದಿನ ಶಾಕ್ ಎಷ್ಟು ಕುಸಿಯುತ್ತದೆ ಎಂದು ಅಳೆಯುತ್ತಾರೆ. ಇದಕ್ಕೆ ಸ್ಯಾಗ್ ಎಂಬ ಹೆಸರು. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಚಕ್ರದ ಆಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪ್ ಹಿಡಿಯಬೇಕು. ಬಳಿಕ ಸವಾರ ಹೆಲ್ಮೆಟ್ಟು, ಬೂಟು ಹಾಕಿ ಕುಳಿತಾಗ ಮತ್ತೊಮ್ಮೆ ಹಿಡಿಯಬೇಕು. ವ್ಯತ್ಯಾಸ ಒಟ್ಟು ಆಟದ ಮೂರನೇ ಒಂದು ಭಾಗಕ್ಕೆ ಹತ್ತಿರ, ಅಂದರೆ 170ರಲ್ಲಿ 50 ಮಿಲಿಮೀಟರಿನಷ್ಟು ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಬೈಕ್ ಕಲ್ಲಿನ ಮೇಲೆ ಕುಪ್ಪಳಿಸುತ್ತದೆ. ಜಾಸ್ತಿ ಇದ್ದರೆ ಹಿಂಭಾಗ ತಗ್ಗಿ, ಮುಂದಿನ ಚಕ್ರ ಹಗುರವಾಗಿ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆ ಮಾಡಿ ಇದನ್ನು ಸರಿಮಾಡಬೇಕು. ಕುಳಿತವನು ಬಗ್ಗಿ ತನ್ನ ಸ್ಯಾಗನ್ನು ತಾನೇ ಅಳೆದರೆ ಲೆಕ್ಕ ತಪ್ಪುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿ ಹೇಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

ಆಮೇಲೆ ಟಯರಿನ ಗಾಳಿ. ಜಲ್ಲಿ, ಮಣ್ಣಿನಲ್ಲಿ ಓಡಿಸುವವರು 15ರಿಂದ 18 ಪಿಎಸ್‌ಐವರೆಗೆ ಇಳಿಸುವುದುಂಟು. ಗಾಳಿ ಕಡಿಮೆಯಾದರೆ ಟಯರ್ ಅಗಲವಾಗಿ ನೆಲ ಹಿಡಿಯುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ. ರಸ್ತೆಗೆ ಇಳಿಯುವ ಮೊದಲು ಮತ್ತೆ ತುಂಬಿಸಬೇಕು. ಚೈನಿನ ಸಡಿಲ, ಹ್ಯಾಂಡಲಿನ ಎತ್ತರ, ಕ್ಲಚ್ ಮತ್ತು ಬ್ರೇಕ್ ಲಿವರಿನ ಕೋನ, ಹೀಗೆ ಪಟ್ಟಿ ಬೆಳೆಯುತ್ತದೆ.

ಇಲ್ಲಿಯವರೆಗೆ ಹೇಳಿದ ಎಲ್ಲದಕ್ಕೂ ಒಂದು ಸಾಮ್ಯ ಇದೆ. ತಪ್ಪಿದರೆ ಬೀಳುವವನು ಸವಾರ, ಸರಿಯಾದರೆ ಸುಖಪಡುವವನೂ ಸವಾರ. ಲೆಕ್ಕ ಅವನ ಖಾತೆಯಲ್ಲೇ ಮುಗಿಯುತ್ತದೆ. ಇದನ್ನು ‘ಒಳಗಿನ ಟ್ಯೂನಿಂಗ್’ ಎನ್ನೋಣ. ಇದರ ಬಗ್ಗೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ನನ್ನ ಕೇಳಿದರೆ ಇದು ಒಳ್ಳೆಯ ಗುಣವೇ. ಯಂತ್ರವನ್ನು ಕೊಂಡರೆ ಸಾಲದು, ಅದನ್ನು ಅರಿತುಕೊಳ್ಳಬೇಕು ಎನ್ನುವ ಮನಸ್ಸು ಅಲ್ಲಿದೆ.

ಎರಡನೆಯ ಬಗೆಯದು ಬೇರೆ. ಕಂಪನಿ ಕೊಟ್ಟ ಸೈಲೆನ್ಸರ್ ತೆಗೆದು, ಒಳಗೆ ತಡೆ ಇಲ್ಲದ ಕೊಳವೆ ಹಾಕುವುದು. ಬೈಕ್ ಸ್ವಲ್ಪ ಹಗುರವಾಗುತ್ತದೆ, ಎಂಜಿನ್ ಸಲೀಸಾಗಿ ಉಸಿರು ಬಿಡುತ್ತದೆ, ಸದ್ದು ಮಾತ್ರ ಊರಿಗೆಲ್ಲ ಕೇಳುತ್ತದೆ. ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಉರಿದ ಮೇಲೂ ಉಳಿಯುವ ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಇಂಧನವನ್ನೂ ಕಡಿಮೆ ಮಾಡುವುದು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಹಲವರು ಕೊಳವೆಯ ಜೊತೆ ಅದನ್ನೂ ಕಿತ್ತು ಹಾಕುತ್ತಾರೆ. ಆಗ ಲಾಭ ಸವಾರನಿಗೆ, ಹೊಗೆ ಮತ್ತು ಸದ್ದು ದಾರಿಯಲ್ಲಿ ಸಿಕ್ಕವರಿಗೆ. ಇದು ‘ಹೊರಗಿನ ಟ್ಯೂನಿಂಗ್’. ಅದೇ ಸ್ಪ್ಯಾನರ್, ಅದೇ ಕೈ. ಖಾತೆ ಮಾತ್ರ ಬೇರೆಯವರದು.

ಈ ಖಾತೆ ಎಷ್ಟು ದೊಡ್ಡದು ಎಂದು ಹೈಸ್ಕೂಲಿನ ಗಣಿತದಲ್ಲೇ ನೋಡಬಹುದು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸೈಲೆನ್ಸರಿನಿಂದ ಅರ್ಧ ಮೀಟರ್ ದೂರದಲ್ಲಿ ಸದ್ದು 100 ಡೆಸಿಬೆಲ್ ಇದೆ ಎಂದುಕೊಳ್ಳಿ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ನಮ್ಮ 100 ಡೆಸಿಬೆಲ್ 45ಕ್ಕೆ ಇಳಿಯಬೇಕಾದರೆ ಸುಮಾರು 280 ಮೀಟರ್ ಸಾಗಬೇಕು. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 60 ಎಕರೆ. ಸೈಲೆನ್ಸರ್ ಸರಿ ಇದ್ದು ಸದ್ದು 90ರಲ್ಲಿ ನಿಂತರೆ ಅದೇ ವೃತ್ತ 6 ಎಕರೆಗೆ ಇಳಿಯುತ್ತದೆ. ಮರ, ಗುಡ್ಡ, ಕಣಿವೆಯ ಪ್ರತಿಧ್ವನಿ ಎಲ್ಲ ಸೇರಿದರೆ ಲೆಕ್ಕ ಅತ್ತಿತ್ತ ಆಗುತ್ತದೆ. ಆದರೂ ವಿಷಯ ಸ್ಪಷ್ಟ. ಎರಡು ಮೀಟರ್ ಉದ್ದದ ಬೈಕ್ ರಾತ್ರಿಯಲ್ಲಿ ಅರವತ್ತು ಎಕರೆ ಜಾಗ ಹಿಡಿಯುತ್ತದೆ. ಕೊಟ್ಟ ಹಣ ಎರಡು ಮೀಟರಿಗೆ ಮಾತ್ರ.

ಆದ್ದರಿಂದ ‘ನಮ್ಮ ದುಡ್ಡು, ನಮ್ಮ ಬೈಕ್’ ಎಂಬ ಮಾತು ಅರ್ಧ ಸತ್ಯ. ಬೈಕ್ ನಿಮ್ಮದೇ. ಆ ಅರವತ್ತು ಎಕರೆಯಲ್ಲಿ ಮಲಗಿರುವ ಬಾಣಂತಿಯ ನಿದ್ದೆ ನಿಮ್ಮದಲ್ಲ.

ಇದಕ್ಕೆ ಕಾನೂನಿನ ಉತ್ತರವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವ ಹಾಗಿಲ್ಲ. ಆದರೆ ನನ್ನ ಮಾತು ದಂಡದ ಭಯದ ಬಗ್ಗೆ ಅಲ್ಲ. ನಾಳೆ ಆ ಸೆಕ್ಷನ್ ರದ್ದಾದರೂ ಬಾಣಂತಿ ಎಚ್ಚರಗೊಳ್ಳುತ್ತಾಳೆ. ಪೊಲೀಸರು ಇಲ್ಲದ ದಾರಿಯಲ್ಲೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹುಡುಗರು ನನಗೆ ಎರಡು ಮರುಪ್ರಶ್ನೆ ಹಾಕಿದರು. ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: ‘ಹಬ್ಬಕ್ಕೆ ಮೈಕ್ ಕಟ್ಟುತ್ತೇವೆ, ಗರ್ನಾಲು ಸಿಡಿಸುತ್ತೇವೆ. ಅದು ಸದ್ದಲ್ಲವೇ?’ ಸದ್ದೇ. ಹಬ್ಬ ವರ್ಷಕ್ಕೊಮ್ಮೆ, ಮೊದಲೇ ಗೊತ್ತಿರುವ ದಿನ, ಇಂಥ ಹೊತ್ತಿಗೆ ಮುಗಿಯುತ್ತದೆ ಎಂಬ ಭರವಸೆ ಇದೆ ಎಂದು ನಾವು ಉತ್ತರಿಸಬಹುದು. ಅದರಲ್ಲಿ ಹುರುಳಿದೆ. ಎಂದು ಬರುತ್ತದೋ ಗೊತ್ತಿಲ್ಲದ ಸದ್ದು, ಗೊತ್ತಿರುವ ಸದ್ದಿಗಿಂತ ಹೆಚ್ಚು ಹಿಂಸೆ ಕೊಡುತ್ತದೆ. ಆದರೆ ಚರ್ಚಿನ ಗೋಡೆಯಾಚೆ ಇರುವ ಮನೆಯವರು ನಮ್ಮ ಹಬ್ಬದ ಸಮಿತಿಯಲ್ಲಿಲ್ಲ. ಅವರ ಖಾತೆಗೂ ನಾವು ಸದ್ದು ಹಾಕುತ್ತೇವೆ. ಹುಡುಗರಿಗೆ ಒಂದು ಅಳತೆ, ನಮಗೆ ಇನ್ನೊಂದು ಅಳತೆ ಎಂದಾದರೆ ಅವರು ನಮ್ಮ ಮಾತು ಕೇಳಬೇಕಾದ ಕಾರಣವೇ ಇಲ್ಲ.

ಎರಡನೆಯದು: ‘ನೆರೆಯವರು ಯಾರೂ ಏನೂ ಹೇಳಲಿಲ್ಲ. ಹೇಳಿದ್ದು ನಮ್ಮ ಚರ್ಚಿನವರು ಮಾತ್ರ.’ ಇದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಮ್ಮ ಊರು ಎಂಥದ್ದು ಎಂದು ನೋಡಿ. ಒಂದು ಮನೆಯಲ್ಲಿ ಕೊಂಕಣಿ, ಪಕ್ಕದಲ್ಲಿ ತುಳು, ಕೆಳಗಿನ ತೋಟದಲ್ಲಿ ಬ್ಯಾರಿ, ರಸ್ತೆಯಾಚೆ ಮಲೆಯಾಳ, ಬಲಿಪೂಜೆಗೆ ಮತ್ತು ಶಾಲೆಗೆ ಕನ್ನಡ. ಇಂಥಲ್ಲಿ ದೂರು ಹೇಳುವುದು ಸುಲಭವಲ್ಲ. ಒಂದೇ ಜಾತಿ, ಒಂದೇ ಭಾಷೆಯವರಾದರೆ ‘ಏನೋ ಮಾರಾಯಾ, ಸ್ವಲ್ಪ ಮೆಲ್ಲ ಹೋಗು’ ಎಂದು ಬೈದು ಮರುದಿನ ಮರೆಯಬಹುದು. ಬೇರೆಯವರು ಹೇಳಿದರೆ ಅದೇ ಮಾತು ಬೇರೆ ಬಣ್ಣ ಪಡೆಯುತ್ತದೆ. ‘ಅವರು ನಮ್ಮ ಹುಡುಗರಿಗೆ ಹೀಗೆ ಹೇಳಿದರಂತೆ’ ಎಂದು ಶುರುವಾಗಿ ಎಲ್ಲಿಗೋ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಅದಕ್ಕೇ ಅವರು ನುಂಗಿಕೊಳ್ಳುತ್ತಾರೆ. ನಮ್ಮ ಸೌಹಾರ್ದವನ್ನು ನಾವು ಹೊಗಳಿಕೊಳ್ಳುತ್ತೇವೆ. ಅದರಲ್ಲಿ ಒಂದು ಪಾಲು ಹೀಗೆ ನುಂಗಿಕೊಂಡ ಮಾತುಗಳಿಂದ ಆದದ್ದು.

ಹಾಗಾಗಿ ನಮ್ಮಂಥ ಊರಿನಲ್ಲಿ ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು. ದೂರು ಬರಲಿ, ಆಮೇಲೆ ನೋಡೋಣ ಎಂದರೆ ಅದು ಎಂದೂ ಬರುವುದಿಲ್ಲ, ಬಂದರೆ ಸಿಡಿದು ಬರುತ್ತದೆ. ಕೇಳುವ ಹೊಣೆ ಸದ್ದು ಮಾಡುವವನದು. ಸಾಧ್ಯವಿದ್ದರೆ ಅವರ ಭಾಷೆಯಲ್ಲೇ ಕೇಳಬೇಕು. ‘ನಮ್ಮಿಂದ ತೊಂದರೆ ಇದೆಯಾ?’ ಎಂದು ತುಳುವಿನಲ್ಲೋ ಮಲೆಯಾಳದಲ್ಲೋ ಕೇಳಲು ಹರುಕುಮುರುಕು ಮಾತು ಸಾಕು.

ಇಷ್ಟರಲ್ಲಿ ಮುಗಿದಿದ್ದರೆ ಸುಲಭವಿತ್ತು. ಆದರೆ ಕೇಳಲು ಯಾರೂ ಇಲ್ಲದ ಕಡೆ ಏನು ಮಾಡುವುದು?

ನಮ್ಮ ಹುಡುಗರು ಬೈಕ್ ಓಡಿಸುವುದು ಪದವಿನಲ್ಲಿ. ಮುರಕಲ್ಲಿನ ಬೋಳು ಬಯಲು, ಅಲ್ಲಲ್ಲಿ ಮುಳಿಹುಲ್ಲು, ಮನೆ ಇಲ್ಲ, ತೋಟ ಇಲ್ಲ. ನೋಡಿದರೆ ಖಾಲಿ ಜಾಗ. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಆ ಖಾಲಿ ಜಾಗಕ್ಕೆ ಒಂದು ಕೆಲಸ ಇದೆ. ಮುರಕಲ್ಲಿನ ತೂತುಗಳಲ್ಲಿ, ಬಿರುಕುಗಳಲ್ಲಿ ಮಳೆನೀರು ಇಂಗುತ್ತದೆ. ತಗ್ಗಿನಲ್ಲಿ ಮದಕವಾಗಿ ನಿಲ್ಲುತ್ತದೆ. ಗುಡ್ಡದ ಒಳಗಿನಿಂದ ನಿಧಾನವಾಗಿ ಜಿನುಗಿ, ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳಲ್ಲಿ ಬೇಸಗೆಗೆ ಹೊರಬರುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೈಯಲ್ಲಿ ಅಗೆದ ಆ ಸುರಂಗಗಳ ನೀರು ಕುಡಿದು, ಅಡಿಕೆಗೆ ಬಿಟ್ಟು ಬದುಕಿದ ಮನೆಗಳು ನಮ್ಮಲ್ಲೂ ಇವೆ. ಮಳೆಗಾಲದಲ್ಲಿ ಮೆತ್ತಗಾದ ತೆಳು ಮಣ್ಣಿನ ಮೇಲೆ ಗುಬ್ಬಿಗುಬ್ಬಿಯ ಟಯರ್ ಮತ್ತೆ ಮತ್ತೆ ಒಂದೇ ಕಡೆ ಹತ್ತಿ ಇಳಿದರೆ ಹುಲ್ಲಿನ ಬೇರು ಕಿತ್ತು ಬರುತ್ತದೆ. ಆ ಗೀರಿನಲ್ಲಿ ನೀರು ಓಡಲು ದಾರಿ ಸಿಗುತ್ತದೆ. ಓಡುವ ನೀರು ಇಂಗುವುದಿಲ್ಲ, ಮಣ್ಣನ್ನೂ ಕೊಂಡೊಯ್ಯುತ್ತದೆ. ಇಳಿಜಾರಿನಲ್ಲಿ ಗೀರು ತೋಡಾಗುವುದಕ್ಕೆ ಹೆಚ್ಚು ಕಾಲ ಬೇಡ.

ಇಲ್ಲಿ ಖಾತೆ ಯಾರದು? ಕೆಳಗಿನ ಮನೆಯ ಮುಂದಿನ ಬೇಸಗೆಯದು. ಮದಕದಲ್ಲಿ ಮೊಟ್ಟೆಯಿಟ್ಟ ಕಪ್ಪೆಯದು. ಇವರನ್ನು ಯಾವ ಭಾಷೆಯಲ್ಲಿ ಕೇಳುವುದು? ಕೇಳಲಾಗದಿದ್ದರೆ ಏನು ಬೇಕಾದರೂ ಮಾಡಬಹುದು ಎಂದು ಅರ್ಥವಲ್ಲ. ಕೇಳಲಾಗದ ಕಡೆ ಸವಾರನೇ ಅವರ ಪರವಾಗಿಯೂ ಯೋಚಿಸಬೇಕು. ಹೊಸ ಗೀರು ಮೂಡಿಸದೆ ಹಳೆಯ ದಾರಿಯಲ್ಲೇ ಹೋಗುವುದು, ಜೂನಿನಿಂದ ನೆಲ ಒಣಗುವ ತನಕ ಪದವಿಗೆ ಇಳಿಯದಿರುವುದು, ಜಾಗದ ಯಜಮಾನರನ್ನು ಕೇಳುವುದು. ಆಟಿಯ ಮಳೆಯಲ್ಲಿ ಕೆಸರು ಹಾರಿಸುವುದೇ ಮಜಾ ಎಂದು ನನಗೂ ಗೊತ್ತು. ಅದೇ ಹೊತ್ತಿಗೆ ನೆಲಕ್ಕೆ ಹೆಚ್ಚು ನೋವು.

ಹೀಗೆಲ್ಲ ಕಟ್ಟು ಹಾಕಿದರೆ ಆಟವೇ ಸತ್ತುಹೋಗುತ್ತದೆ ಎನ್ನುವವರು ಡಾಕಾರ್ ರ‍್ಯಾಲಿಯನ್ನು ನೋಡಬೇಕು. ಕಚ್ಚಾ ನೆಲದ ರೇಸುಗಳಲ್ಲಿ ಅದಕ್ಕಿಂತ ಕಠಿಣವಾದದ್ದು ವಿರಳ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. 2024ರಲ್ಲಿ ನಮ್ಮ ಕೇರಳದ ಶೊರ್ನೂರಿನ ಹರಿತ್ ನೋವಾ ರ‍್ಯಾಲಿ 2 ವಿಭಾಗ ಗೆದ್ದು, ಒಟ್ಟು ಪಟ್ಟಿಯಲ್ಲಿ 11ನೆಯವರಾದರು. ಹುಡುಗಿಯರಿಗೆ ಇದು ಆಗದು ಎನ್ನುವವರಿಗೆ, 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಇದ್ದಾರೆ. ಮರುಭೂಮಿಯಲ್ಲಿ ನಡೆಯುವ ಡಾಕಾರಿನಲ್ಲೂ ವೇಗಮಿತಿಯ ವಲಯಗಳಿವೆ. ಜನ ಇರುವ ಕಡೆ ಸವಾರ ನಿಧಾನಿಸಲೇಬೇಕು, ಮೀರಿದರೆ ದಂಡ. ಇನ್ನೊಂದು ನಿಯಮವೂ ಇದೆ. ಬಿದ್ದು ಗಾಯಗೊಂಡ ಸವಾರನಿಗೆ ಸಹಾಯ ಮಾಡಲು ಯಾರಾದರೂ ನಿಂತರೆ, ನಿಂತ ಅಷ್ಟೂ ಸಮಯವನ್ನು ಅವರ ಲೆಕ್ಕಕ್ಕೆ ಮರಳಿಸುತ್ತಾರೆ. ದಯಾಳು ಸಮಾರಿಯದವನ ಸಾಮತಿ ಕೇಳಿ ಬೆಳೆದ ನಮಗೆ ಈ ನಿಯಮ ಕೂಡಲೇ ಅರ್ಥವಾಗುತ್ತದೆ. ಅವನಿಗೆ ಯಾರೂ ಸಮಯ ಮರಳಿಸಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಸೆಕೆಂಡುಗಳ ಮೇಲೆ ನಿಂತ ರೇಸೇ ಹೀಗೆ ನಿಲ್ಲುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಆದರೂ ಆಟ ಸತ್ತಿಲ್ಲ.

ಈಗ ಹಿರಿಯರಿಗೆ ಒಂದು ಮಾತು. ಪೂರ್ತಿ ನಿಲ್ಲಿಸಿ ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ನಿಲ್ಲಿಸಿದರೆ ಹುಡುಗರು ಬೈಕ್ ಮಾರುವುದಿಲ್ಲ, ನಮ್ಮ ಕಣ್ಣಿಗೆ ಬೀಳದ ಕಡೆ, ನಮ್ಮ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಓಡಿಸುತ್ತಾರೆ. ಬಿದ್ದರೆ ಎತ್ತಲು ಜೊತೆಗೆ ಯಾರೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರ ಸಂತೋಷ ನಿಜವಾದದ್ದು. ದೇಹ, ಕಣ್ಣು, ಯಂತ್ರ, ನೆಲ ಎಲ್ಲ ಒಂದಾಗಿ ಕಡಿದಾದ ಏರನ್ನು ಹತ್ತಿ ನಿಂತವನ ಮುಖ ನೋಡಿದ್ದೇನೆ. ಅದು ಮೊಬೈಲಿನಲ್ಲಿ ಸಿಗುವ ಸಂತೋಷವಲ್ಲ. ಪರರ ಖಾತೆಗೆ ಕೈಹಾಕದ ಸಂತೋಷವನ್ನು ಕಸಿದುಕೊಳ್ಳುವ ಹಕ್ಕು ನಮಗಿಲ್ಲ.

ಹುಡುಗರ ಜೊತೆ ಮಾತಾಡಿ ನಾನು ಸಭೆಯ ಮುಂದಿಡುವುದು ಇಷ್ಟು. ಕಂಪನಿಯ ಸೈಲೆನ್ಸರ್ ಹಾಗೆಯೇ ಇರಲಿ. ಸಂಜೆ ಕತ್ತಲಾದ ಮೇಲೆ ಗುಡ್ಡದ ಸವಾರಿ ಬೇಡ. ಮಳೆಗಾಲದಲ್ಲಿ ಪದವು ಬೇಡ. ತಿಂಗಳಿಗೊಮ್ಮೆ ಎಲ್ಲಿ, ಯಾವ ದಿನ ಹೋಗುತ್ತೇವೆಂದು ದಾರಿಯ ಮನೆಗಳಿಗೆ ಹೋಗಿ ಹೇಳಿ, ಅವರ ಮಾತು ಕೇಳಿ ಬರಬೇಕು. ಇದಕ್ಕೆ ಬದಲಾಗಿ ಹಿರಿಯರು ‘ಪುಂಡರು’ ಎಂಬ ಶಬ್ದ ಬಿಡಬೇಕು. ಚರ್ಚಿನ ವಾರ್ಷಿಕ ಹಬ್ಬದ ಮೈಕಿನ ಸದ್ದನ್ನೂ ಗೋಡೆಯಾಚೆಯ ಮನೆಯ ಅಂಗಳದಲ್ಲಿ ನಿಂತು ಅಳೆಯಲು ಒಪ್ಪಬೇಕು. ಸೈಲೆನ್ಸರಿನ ವಿಷಯದಲ್ಲಿ ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವನು ಇನ್ನೂ ವಾದಿಸುತ್ತಿದ್ದಾನೆ. ಅವನು ನನ್ನ ತಮ್ಮ. ಮನೆಯಲ್ಲಿ ಮಾತು ಮುಂದುವರಿದಿದೆ.

ಬರುವ ಭಾನುವಾರ ಎರಡನೇ ಪೂಜೆಯ ನಂತರ ಚರ್ಚಿನ ಮೈದಾನಕ್ಕೆ ಮೂರೂ ಬೈಕ್ ಬರುತ್ತವೆ. ಸ್ಯಾಗ್ ಅಳೆಯುವುದನ್ನು, ಟಯರಿನ ಗಾಳಿ ನೋಡುವುದನ್ನು ಕಲಿಸುತ್ತೇವೆ. ಸ್ಕೂಟರ್ ಇರುವ ತಾಯಂದಿರೂ ಬನ್ನಿ, ನಿಮ್ಮ ಟಯರಿನ ಗಾಳಿಯನ್ನೂ ನೋಡೋಣ. ಸೈಲೆನ್ಸರಿನ ಹತ್ತಿರ, ಗೇಟಿನ ಹತ್ತಿರ, ರಸ್ತೆಯಾಚೆಯ ಮನೆಯ ಮೆಟ್ಟಿಲಿನಲ್ಲಿ ಸದ್ದು ಎಷ್ಟೆಷ್ಟು ಎಂದು ಫೋನಿನಲ್ಲಿ ಅಳೆದು ಬೋರ್ಡಿನ ಮೇಲೆ ಬರೆಯುತ್ತೇವೆ. ಆ ಮನೆಯವರನ್ನು ನಾನು ಈಗಾಗಲೇ ಕರೆದಿದ್ದೇನೆ, ಬರುತ್ತೇವೆ ಎಂದಿದ್ದಾರೆ. ಟೇಪ್ ನಾನು ತರುತ್ತೇನೆ.